ಕಣ್ಣಲ್ಲಿ ನಿಲ್ಲದ ನೀರು

ಕೆರೆ ಎಣ್ಣೆ ಬಂದ ಮೇಲೆ ಕಲ್ಲಗುಡ್ಡದ ಜನ ನೀರಿಗಾಗಿ ಜಗಳವಾಡುವುದನ್ನು ಬಿಟ್ಟರು. ಜಗಳಕ್ಕೆ ಬೇರೆ ಕಾರಣ ಹುಡುಕಿಕೊಂಡರು. ಮೊದಲೆಲ್ಲ ಎಷ್ಟೇ ಮಳೆ ಬಿದ್ದರೂ ಊರ ಕೆರೆ ಸಂಕ್ರಾಂತಿಯ ಹೊತ್ತಿಗೆ ಬಿರುಕು ಬಿಟ್ಟು ಮಲಗಿರುತ್ತಿತ್ತು. ಈಗ ಸುಡುಬೇಸಿಗೆಯಲ್ಲೂ ಎಮ್ಮೆಗಳು ಕುತ್ತಿಗೆಯವರೆಗೆ ಮುಳುಗಿ ಕಣ್ಣು ಮುಚ್ಚಿಕೊಂಡಿರುತ್ತವೆ. ಎಣ್ಣೆ ಎಂಬುದು ಜನ ಇಟ್ಟ ಹೆಸರು. ನಿಜದಲ್ಲಿ ಅದು ಸಿಲೇನ್ ಜಾತಿಯ ಒಂದು ರಾಸಾಯನಿಕ. ಒಣಗಿದ ಕೆರೆಯಂಗಳಕ್ಕೆ ತೆಳ್ಳಗೆ ಸಿಂಪಡಿಸಿದರೆ ಅದರ ಒಂದು ತುದಿ ಮಣ್ಣಿನ ಕಣವನ್ನು ಕಚ್ಚಿಕೊಳ್ಳುತ್ತದೆ, ಇನ್ನೊಂದು ತುದಿ ನೀರನ್ನು ಹತ್ತಿರಕ್ಕೆ ಬಿಟ್ಟುಕೊಳ್ಳುವುದಿಲ್ಲ. ಪ್ರತಿ ಕಣಕ್ಕೂ ಒಂದೊಂದು ರೇನ್‌ಕೋಟು ತೊಡಿಸಿದ ಹಾಗೆ. ಬಿದ್ದ ನೀರು ಇಂಗುವುದಕ್ಕೆ ದಾರಿ ಸಿಗದೆ ಕೆರೆಯಲ್ಲೇ ನಿಲ್ಲುತ್ತದೆ.

ಕೆರೆಗೆ ಹೋಗುವ ಎಣ್ಣೆ ಹತ್ತಾರು ಪಾಲು ತೆಳುವಾದದ್ದು, ಒಣಗಿದ ಮೇಲೆ ಅದರಿಂದ ಮೀನಿಗೂ ತೊಂದರೆಯಿಲ್ಲ. ಅಪಾಯವೆಲ್ಲ ಇದ್ದದ್ದು ಊರಾಚೆಯ ಕಾರ್ಖಾನೆಯ ಟ್ಯಾಂಕುಗಳಲ್ಲಿದ್ದ ಮೂಲದ್ರವದಲ್ಲಿ. ಅದಕ್ಕೆ ವಾಸನೆ ಇಲ್ಲವೆಂದೇ ಹೇಳಬೇಕು. ಅದರ ಆವಿ ತಗುಲಿದರೆ ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಅದು ಹುಡುಕುವುದು ತೇವವನ್ನು ಮಾತ್ರ. ಮನುಷ್ಯನ ಮೈಯಲ್ಲಿ ಸದಾ ತೇವವಾಗಿದ್ದು, ಸದಾ ತೆರೆದಿರುವುದು ಯಾವುದು? ಕಣ್ಣು. ಅಲ್ಲಿ ಹೋಗಿ ಸದ್ದಿಲ್ಲದೆ ಕೂತು, ತಾಸುಗಟ್ಟಲೆ ಕಾದು, ಕೊನೆಗೆ ಗಾಜಾಗಿ ಗಟ್ಟಿಯಾಗುತ್ತದೆ. ನೋವು ಶುರುವಾಗುವುದು ಗಾಜು ಕಟ್ಟಿದ ಮೇಲೆ. ಆಮೇಲೆ ವೈದ್ಯರು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಇದನ್ನು ಕಾರ್ಖಾನೆಯ ಕೆಲಸಗಾರರಿಗೆ ತಿಳಿಸಿ ಹೇಳುವುದು ಸುನಂದಾ ಬಡಿಗೇರಳ ಕೆಲಸ. ಅವಳು ಅಲ್ಲಿಯ ಸುರಕ್ಷಾ ಅಧಿಕಾರಿ. ಮೊದಲ ವರ್ಷ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು. ಕಣ್ಣಿಗೆ ಬಿಗಿಯಾಗಿ ಕೂರುವ ಗಾಗಲ್ಸು, ಮುಖ ಮುಚ್ಚುವ ಮಾಸ್ಕು ಕೊಟ್ಟರೆ ಆ ಮಹಾನುಭಾವರು ಅವನ್ನು ಸೈಕಲ್ಲಿನ ಹ್ಯಾಂಡಲ್ಲಿಗೆ ತೂಗುಹಾಕಿ ಮನೆಗೆ ಒಯ್ಯುತ್ತಿದ್ದರು. "ನಾವೇನ ಟಾಂಗಾದ ಕುದುರಿ ಏನ್ರಿ ಮೇಡಂ, ಕಣ್ಣಿಗೆ ಪಟ್ಟಿ ಕಟ್ಟಾಕ?" ಎಂದು ಕೇಳಿ ನಗುತ್ತಿದ್ದರು. ಆಗ ಸುನಂದಾಗೆ ತನ್ನ ಅಪ್ಪ ಕಾಳಪ್ಪ ನೆನಪಾದ. ಬಡಿಗತನದ ಮನೆ ಅವರದು. ಉಳಿ, ಬಾಚಿ, ಕೊಡತಿಗಳನ್ನು ಕಾಳಪ್ಪ ದೇವರಂತೆ ಕಾಣುತ್ತಿದ್ದ. ಕಾಲು ತಾಗಿದರೆ ಮುಟ್ಟಿ ನಮಸ್ಕರಿಸುತ್ತಿದ್ದ. ಆ ವರ್ಷ ಆಯುಧಗಳ ಖಂಡೆಪೂಜೆಯ ದಿನ ಅವಳು ಗಾಗಲ್ಸು, ಮಾಸ್ಕುಗಳನ್ನೆಲ್ಲ ಕ್ಯಾಂಟೀನಿನ ದೊಡ್ಡ ಹಾಲಿನಲ್ಲಿ ಸಾಲಾಗಿ ಇಡಿಸಿ, ಒಂದೊಂದಕ್ಕೂ ಕುಂಕುಮ ಹಚ್ಚಿಸಿ, "ನಿಮ್ಮ ಆಯುಧ ಇವ ನೋಡ್ರಿ" ಅಂದಳು. ಮಂತ್ರ ಹಾಕಿದ ಹಾಗಾಯಿತು. ಮರುದಿನದಿಂದ ಒಬ್ಬನೂ ಅವಿಲ್ಲದೆ ಟ್ಯಾಂಕಿನ ಅಂಗಳಕ್ಕೆ ಕಾಲಿಡಲಿಲ್ಲ. ಮೇಲಿನವರು ಅವಳ ಜಾಣತನವನ್ನು ಹೊಗಳಿದರು. ಅವಳೂ ಒಳಗೊಳಗೇ ಬೀಗಿದಳು, ಅದನ್ನೇಕೆ ಮುಚ್ಚಿಡುವುದು.

ಒಂದೇ ಒಂದನ್ನು ಅವಳು ಯೋಚಿಸಿರಲಿಲ್ಲ. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಯಾರೂ ಎತ್ತುವುದಿಲ್ಲ.

ಈ ವರ್ಷದ ಖಂಡೆಪೂಜೆಯ ದಿನ ಕಾರ್ಖಾನೆಗೆ ರಜೆ. ಟ್ಯಾಂಕುಗಳನ್ನು ಕಾಯುವುದಕ್ಕೆ ಕಂಟ್ರೋಲ್ ರೂಮಿನಲ್ಲಿ ಇದ್ದವರು ಮೂರೇ ಜನ: ಸುನಂದಾ, ಪರದೆಗಳ ಮುಂದೆ ಕೂರುವ ಫಕ್ರುದ್ದೀನ್ ಸಾಹೇಬರು, ಮತ್ತೆ ಟ್ಯಾಂಕಿನಂಗಳದ ಆಪರೇಟರ್ ಮೌನೇಶ. ಮೌನೇಶ ಸುನಂದಾಳ ಒಡಹುಟ್ಟಿದ ತಮ್ಮ. ಕಾರ್ಖಾನೆಯ ಸಂಬಳಕ್ಕೆ ದುಡಿದರೂ ಅವನ ಜೀವ ಇದ್ದದ್ದು ಮರದ ಕೆತ್ತನೆಯಲ್ಲಿ. ಅವನು ಕೆತ್ತಿದ ತೊಟ್ಟಿಲಿನ ಗಿಣಿಗಳ ಗರಿ ಎಣಿಸಬಹುದಿತ್ತು. ಬೆಳಗಿನ ಪೂಜೆ ಮುಗಿದು, ಗಾಗಲ್ಸು, ಮಾಸ್ಕುಗಳಿದ್ದ ಕ್ಯಾಂಟೀನಿನ ಹಾಲಿಗೆ ಬೀಗ ಹಾಕಿ, ಕೀಲಿಕೈ ಹಿಡಿದುಕೊಂಡು ಯೂನಿಯನ್ನಿನ ಕಾರ್ಯದರ್ಶಿ ತನ್ನೂರಿಗೆ ಹಬ್ಬಕ್ಕೆ ಹೋಗಿಯಾಗಿತ್ತು.

ಪರದೆಯ ಮೇಲೆ ಹಳದಿ ದೀಪ ಮಿಣುಕಿದಾಗ ಫಕ್ರುದ್ದೀನ್ ಚಹಾದ ಲೋಟ ಕೆಳಗಿಟ್ಟರು.

"ಮೇಡಂ, ಮೂರನೇ ಟ್ಯಾಂಕಿನ ನೈಟ್ರೋಜನ್ ಇಳಿಯಾಕತ್ತೈತಿ ನೋಡ್ರಿ."

ಮೂಲದ್ರವಕ್ಕೆ ಗಾಳಿಯ ತೇವ ತಾಗಬಾರದೆಂದು ಟ್ಯಾಂಕಿನೊಳಗೆ ಅದರ ಮೇಲೆ ಒಣ ನೈಟ್ರೋಜನ್ನಿನ ಹೊದಿಕೆ ಇರುತ್ತದೆ. ಎಲ್ಲೋ ಒಂದು ಜಾಯಿಂಟು ಬಿಟ್ಟುಕೊಂಡಿತ್ತು. ಹೊದಿಕೆ ಹೊರಗೆ ಸೋರುತ್ತಿತ್ತು, ಅದರೊಂದಿಗೆ ಆವಿಯೂ. ಹೊದಿಕೆ ಪೂರ್ತಿ ಹೋಗಿ ಹೊರಗಿನ ಗಾಳಿ ಒಳನುಗ್ಗಿದರೆ ದ್ರವ ಕಾದು, ಉಬ್ಬಿ, ಟ್ಯಾಂಕನ್ನೇ ಸೀಳಿಬಿಡುವುದು ಖಂಡಿತ. ಕಾರ್ಖಾನೆಯ ಗೋಡೆಗೆ ಅಂಟಿಕೊಂಡೇ ಕೆಲಸಗಾರರ ವಸತಿ. ಹಬ್ಬದ ದಿನ ಹೆಂಗಸರು, ಮಕ್ಕಳು ಎಲ್ಲರೂ ಮನೆಯಲ್ಲೇ ಇದ್ದರು.

ಫಕ್ರುದ್ದೀನ್ ಕೂತಲ್ಲಿಂದಲೇ ಸೋರುವ ಕೊಳವೆಯ ವಾಲ್ವು ಮುಚ್ಚುವ ಗುಂಡಿ ಒತ್ತಿದರು. ವಾಲ್ವು ಅರ್ಧಕ್ಕೆ ಬಂದು ನಿಂತಿತು. ಮತ್ತೆ ಒತ್ತಿದರು. ಅಲ್ಲಾಡಲಿಲ್ಲ.

"ಕೈಲೇ ತಿರುವಬೇಕು," ಎಂದು ಮೌನೇಶ ಎದ್ದ.

"ಮಾಸ್ಕ್ ಹಾಕ್ಕೊ," ಎನ್ನುತ್ತ ಸುನಂದಾ ಗೋಡೆಯ ಕಪಾಟಿನ ಕಡೆ ಓಡಿದಳು. ಹಾಲಿನೊಳಗಿನವು ಸಿಗದಿದ್ದರೇನು, ತುರ್ತಿಗೆಂದು ಎರಡು ಜೊತೆ ಸದಾ ಆ ಕಪಾಟಿನಲ್ಲಿರುತ್ತಿದ್ದವು. ಬಾಗಿಲು ತೆಗೆದರೆ ಕಪಾಟು ಖಾಲಿ. ಖಾಲಿ ಹಲಗೆಯ ಮೇಲೆ ಅರಿಶಿನ ಕುಂಕುಮ ಹಚ್ಚಿ ಒಂದು ಚೆಂಡು ಹೂವು ಇಟ್ಟಿದ್ದರು.

ಅವಳು ತಿರುಗಿ ನೋಡಿದಾಗ ಮೌನೇಶನ ಮುಖ ಬಿಳಚಿಕೊಂಡಿತ್ತು. "ನಾನ ಪೂಜಿಗೆ ಒಯ್ದಿಟ್ಟೆ ಅಕ್ಕ ಮುಂಜಾನೆ. ಎರಡು ಹೊರಗ ಬಿಡೂದು ಪಾಡಲ್ಲ ಅನ್ನಿಸ್ತು."

ಅವಳಿಗೆ ಅವನ ಕಪಾಳಕ್ಕೆ ಹೊಡೆಯಬೇಕೆನ್ನಿಸಿತು. ಮರುಕ್ಷಣವೇ, ಹೊಡೆಯಬೇಕಾದ್ದು ಯಾರ ಕಪಾಳಕ್ಕೆ ಎಂಬುದೂ ಹೊಳೆಯಿತು. "ಸಾಹೇಬ್ರ, ಓಡ್ರಿ! ಹಾಲಿನ ಕೀಲಿ ಒಡದು ತರ್ರಿ!" ಎಂದು ಕೂಗಿದಳು. ಫಕ್ರುದ್ದೀನ್ ಕಬ್ಬಿಣದ ಸಲಾಕೆ ಹಿಡಿದು ಓಡಿದರು. ಕ್ಯಾಂಟೀನು ಇದ್ದದ್ದು ಕಾರ್ಖಾನೆಯ ಇನ್ನೊಂದು ತುದಿಯಲ್ಲಿ. ಪರದೆಯ ಮೇಲೆ ಹಳದಿ ದೀಪ ಕೆಂಪಾಯಿತು.

"ಮೌನೇಶ, ನಿಂದ್ರು. ಅವರು ಬರೂ ತನಕಾ ನಿಂದ್ರು."

"ಅಲ್ಲಿಮಟ ಟ್ಯಾಂಕ್ ನಿಂದ್ರತೈತೇನು?" ಎಂದವನು ಕರವಸ್ತ್ರವನ್ನು ಮೂಗಿಗೆ ಕಟ್ಟಿಕೊಂಡು ಹೊರಟೇಬಿಟ್ಟ. ಕಿಟಕಿಯ ದಪ್ಪ ಗಾಜಿನಾಚೆ ಅವನು ಏಣಿ ಹತ್ತುವುದನ್ನು, ವಾಲ್ವಿನ ಚಕ್ರಕ್ಕೆ ಮೈಯೆಲ್ಲ ಕೊಟ್ಟು ಜಗ್ಗುವುದನ್ನು ಅವಳು ನೋಡಿದಳು. ಚಕ್ರ ಜಗ್ಗಲಿಲ್ಲ. ಅವನು ಮುಖವನ್ನು ಇನ್ನಷ್ಟು ಹತ್ತಿರ ಒಯ್ದು, ಎಡಗಡೆ ವಾಲಿ, ಭುಜ ಕೊಟ್ಟು ನೂಕಿದ. ಕೊನೆಗೂ ಚಕ್ರ ತಿರುಗಿತು, ಪರದೆಯ ಮುಳ್ಳು ಇಳಿಯುವುದನ್ನು ನಿಲ್ಲಿಸಿತು. ಫಕ್ರುದ್ದೀನ್ ಕುಂಕುಮ ಮೆತ್ತಿದ ಮಾಸ್ಕು ಎದೆಗೆ ಅವುಚಿಕೊಂಡು ಏದುಸಿರು ಬಿಡುತ್ತ ಬಂದದ್ದು ಆಗ.

ಮೌನೇಶ ನಗುತ್ತಲೇ ಇಳಿದು ಬಂದ. "ಏನೂ ಆಗಿಲ್ಲಕ್ಕ. ಕಣ್ಣು ಉರಿನೂ ಇಲ್ಲ, ಏನಿಲ್ಲ."

ಉರಿಯದಿರುವುದೇ ಅವಳಿಗೆ ಹೆದರಿಕೆ. ಅವನ ತಲೆ ಹಿಡಿದು ಕಣ್ಣು ತೊಳೆಯುವ ನಲ್ಲಿಯ ಕೆಳಗೆ ಬಗ್ಗಿಸಿ, ಅವನು ಸಾಕೆಂದು ಕೊಸರಾಡುವವರೆಗೆ ತೊಳೆಸಿದಳು. ಜಿಲ್ಲಾ ಆಸ್ಪತ್ರೆಯ ಕಣ್ಣಿನ ಡಾಕ್ಟರಿಗೆ ಫೋನು ಮಾಡಿದಳು. ಸಿಲೇನನ್ನು ಕಣ್ಣಿಂದ ಬಿಡಿಸುವ ಒಂದು ಔಷಧದ ಹನಿ ಅವರ ಹತ್ತಿರ ಇತ್ತು, ಕಾರ್ಖಾನೆಯೇ ಕೊಟ್ಟಿಟ್ಟಿದ್ದು.

"ಸಂಜೆಯೊಳಗೆ ಕರೆದುಕೊಂಡು ಬನ್ನಿ," ಎಂದರು ಡಾಕ್ಟರು. "ದೀಪದ ಸುತ್ತ ಬಣ್ಣದ ಬಳೆ ಕಾಣುವುದಕ್ಕೆ ಶುರುವಾದರೆ ಗಾಜು ಕಟ್ಟಿತು ಅಂತಲೇ ಅರ್ಥ. ಆಮೇಲೆ ಹನಿ ಹಾಕಿ ಪ್ರಯೋಜನವಿಲ್ಲ."

ಟ್ಯಾಂಕು ಪೂರ್ತಿ ತಣ್ಣಗಾಗುವವರೆಗೆ ಸುನಂದಾ ಪರದೆ ಬಿಟ್ಟು ಕದಲುವಂತಿರಲಿಲ್ಲ. ಬದಲಿ ಅಧಿಕಾರಿ ಪಕ್ಕದ ತಾಲೂಕಿನಿಂದ ಬರಬೇಕಿತ್ತು. ಕಾರ್ಖಾನೆಯ ಜೀಪಿನಲ್ಲಿ ತಮ್ಮನನ್ನು ಆಸ್ಪತ್ರೆಗೆ ಒಯ್ಯಿರೆಂದು ಅವಳು ಫಕ್ರುದ್ದೀನರನ್ನು ಕಳಿಸಿದಳು. ಬದಲಿಯವರು ಬಂದ ಮೇಲೆ ಆಸ್ಪತ್ರೆಗೆ ಫೋನು ಮಾಡಿದರೆ, ಅಂಥ ಪೇಶಂಟು ಯಾರೂ ಬಂದಿಲ್ಲ ಎಂದರು. ಫಕ್ರುದ್ದೀನರ ಫೋನಿಗೆ ಹಚ್ಚಿದಳು.

"ಅರಿವಿ ಬದಲಿಸಿ ಬರ್ತೀನಿ ಅಂತ ಮನಿ ಮುಂದ ಇಳದ್ರು ಮೇಡಂ," ಎಂದರು ಅವರು ಅಳು ಬರುವ ದನಿಯಲ್ಲಿ. "ಈಗ ಕರದ್ರ ಬರವಲ್ರು. ಆರಾಮ ಅದೀನಿ, ನೀವೂ ಉಂಡ ಹೋಗ್ರಿ ಅಂತಾರ."

ಅವಳು ಮನೆ ಮುಟ್ಟಿದಾಗ ಬಿಸಿಲು ಓರೆಯಾಗಿತ್ತು. ಪಡಸಾಲೆಯಲ್ಲಿ ಕಾಳಪ್ಪನ ಉಳಿ, ಬಾಚಿಗಳು ಪೂಜೆಗೊಂಡು ಕೂತಿದ್ದವು. ಮೌನೇಶ ಹೊಸ ಅಂಗಿ ತೊಟ್ಟು, ಅಪ್ಪನ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಹೋಳಿಗೆಗೆ ತುಪ್ಪ ಸುರಿಸಿಕೊಳ್ಳುತ್ತಿದ್ದ. ಬಡಿಸುತ್ತಿದ್ದವಳು ಅವನ ಹೆಂಡತಿ ದಾಕ್ಷಾಯಣಿ. ಬಾಗಿಲ ಬಳಿ ಫಕ್ರುದ್ದೀನ್ ಜೀಪಿನ ಕೀಲಿಕೈ ಹಿಡಿದು ನಿಂತೇ ಇದ್ದರು.

"ಏಳು," ಎಂದಳು ಸುನಂದಾ.

"ಉಣ್ಣಾಕ ಕುಂತಾವನ್ನ ಎಬ್ಬಿಸಬಾರದವಾ," ಎಂದ ಕಾಳಪ್ಪ. "ನೋಡು, ಗುಂಡುಕಲ್ಲಿನಂಗ ಅದಾನ. ಸುಳ್ಳ ಅಂಜಿಸಬ್ಯಾಡ."

"ಅಪ್ಪ, ಇಂವ ಕುರುಡ ಆಗಾಕತ್ತಾನ."

ದಾಕ್ಷಾಯಣಿಯ ಕೈಯಲ್ಲಿದ್ದ ತುಪ್ಪದ ಚಮಚ ಗಾಳಿಯಲ್ಲೇ ನಿಂತಿತು. ಮೌನೇಶ ಮಾತ್ರ ನಕ್ಕ. ನಗುವಾಗ ಅಕ್ಕನನ್ನು ನೋಡದೆ ಹೋಳಿಗೆಯನ್ನೇ ನೋಡುತ್ತಿದ್ದ. ಅವನು ಏನನ್ನೋ ಬಚ್ಚಿಟ್ಟಾಗಲೆಲ್ಲ ಹೀಗೆಯೇ. ಅವಳು ಅವನನ್ನು ಎತ್ತಿ ಆಡಿಸಿದವಳು, ಗೊತ್ತಾಗದೆ ಇರುತ್ತದೆಯೇ?

"ಯಾಕ ಹೋಗಲಿಲ್ಲ, ಖರೇ ಹೇಳು."

ಅವನು ತುತ್ತನ್ನು ತಟ್ಟೆಯಲ್ಲೇ ಬಿಟ್ಟ. "ದವಾಖಾನಿಗೆ ಹೋದ್ರ ಇನ್‌ಸ್ಪೆಕ್ಟರ್ ಬರ್ತಾನ. ಮಾಸ್ಕ್ ಎಲ್ಲಿದ್ವು ಅಂತ ಕೇಳ್ತಾನ. ಪೂಜಿಗೆ ಇಡಿಸಿದ್ದು ಯಾರು ಅಂತ ಕೇಳ್ತಾನ. ನಿನ್ನ ನೌಕರಿ ಹೊಕ್ಕೈತಿ ಅಕ್ಕ. ನನಗೇನೂ ಆಗಿಲ್ಲ. ಸುಮ್ಮನ ಯಾಕ ಬೆಂಕಿ ಹಚ್ಚೂದು?"

ಸುನಂದಾಗೆ ಸಿಟ್ಟು, ಪ್ರೀತಿ ಎರಡೂ ಒಟ್ಟಿಗೆ ಉಕ್ಕಿ ಬಂದವು. ಅವಳನ್ನು ಸಮಾಧಾನಪಡಿಸಲೆಂದು ದಾಕ್ಷಾಯಣಿ ತಾನೇ ನಗಲು ನೋಡಿದಳು. "ಆರಾಮ ಅದಾರ್ರೀ ಅಕ್ಕಾರ. ಬಂದಾವ್ರ ಎರಡು ಕೊಡ ನೀರು ಹೊಯ್ಕೊಂಡ್ರು. ಒಂದ ಸೋಜಿಗ ನೋಡ್ರಿ, ಮೈ ಒರಸಿದ್ರ ಟವೆಲ್ ತೊಯ್ದ ಇಲ್ಲ!"

ಫಕ್ರುದ್ದೀನ್ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಸುನಂದಾ ಊಟದ ಪಕ್ಕದಲ್ಲಿದ್ದ ನೀರಿನ ತಂಬಿಗೆ ಎತ್ತಿ, ತಮ್ಮನ ಎಡಗೈ ಎಳೆದು, ಮೊಣಕೈಯಿಂದ ಕೆಳಕ್ಕೆ ನೀರು ಸುರಿದಳು. ನೀರು ಚರ್ಮಕ್ಕೆ ಅಂಟಲಿಲ್ಲ. ತಾವರೆ ಎಲೆಯ ಮೇಲಿನ ಹಾಗೆ ಮುತ್ತುಮುತ್ತಾಗಿ ಉರುಳಿ, ಪಡಸಾಲೆಯ ಗಾರೆಯ ಮೇಲೆ ಬಿತ್ತು. ಕೈ ಒಣಗಿಯೇ ಇತ್ತು, ಒಂದು ರೋಮವೂ ಒದ್ದೆಯಾಗಿರಲಿಲ್ಲ.

ಮೌನೇಶ ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದ. ಕಾಳಪ್ಪ ಬಾಗಿ, ಆ ಕೈಯ ಮೇಲೆ ಬೆರಳಾಡಿಸಿ, ಬೆರಳನ್ನು ಬೆಳಕಿಗೆ ಹಿಡಿದ.

"ಕೈಮ್ಯಾಲೆ ಇಷ್ಟು ಕುಂತಿದ್ರ," ಎಂದಳು ಸುನಂದಾ, "ಕಣ್ಣಾಗ ಎಷ್ಟು ಕುಂತಿರಬಾರದು?"

"ನಿನ್ನ ನೌಕರಿ..."

ಅವಳು ಫೋನು ತೆಗೆದು ಕಾರ್ಖಾನೆಗಳ ಇನ್‌ಸ್ಪೆಕ್ಟರಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು. ತನ್ನ ಹೆಸರು, ಹುದ್ದೆ ಹೇಳಿದಳು. ಮೂರನೇ ಟ್ಯಾಂಕು ಸೋರಿತು ಅಂದಳು. ಆಪರೇಟರು ಬರಿಗಣ್ಣಲ್ಲಿ ಒಳಗೆ ಹೋದ, ಯಾಕೆಂದರೆ ಕಾರ್ಖಾನೆಯ ಗಾಗಲ್ಸು, ಮಾಸ್ಕುಗಳೆಲ್ಲ ಪೂಜೆಗೆ ಕೂತಿದ್ದವು. ಅವನ್ನು ಪೂಜೆಗಿಡಿಸಿದವಳು ನಾನೇ, ತುರ್ತಿನ ಕಪಾಟನ್ನು ನೋಡದೆ ಬಿಟ್ಟವಳೂ ನಾನೇ ಅಂದಳು. ಏನನ್ನೂ ಬಿಡದೆ ಕೊನೆಯವರೆಗೆ ಹೇಳಿದಳು. ಆ ಕಡೆಯವನು ಏನೋ ಕೇಳುತ್ತಿರುವಾಗಲೇ ಫೋನು ಕಟ್ಟು ಮಾಡಿದಳು.

"ಇನ್ನ ನೀ ಉಳಸಾಕ ಏನೂ ಉಳಿದಿಲ್ಲ. ಏಳು."

ಮಗನನ್ನು ರಟ್ಟೆ ಹಿಡಿದು ಎಬ್ಬಿಸಿದವನು ಕಾಳಪ್ಪ. ಕೈ ತೊಳೆಯುವುದಕ್ಕೂ ಬಿಡದೆ, ತಾನೂ ಜೀಪು ಹತ್ತಿದ.

ಜಿಲ್ಲಾ ಕೇಂದ್ರದ ದಾರಿಯಲ್ಲಿ ಫಕ್ರುದ್ದೀನ್ ಜೀಪನ್ನು ಹಾರಿಸಿದರು ಅಂದರೆ ತಪ್ಪಾಗಲಾರದು. ಹಬ್ಬದ ಟ್ರ್ಯಾಕ್ಟರುಗಳು ಬಾಳೆಗಿಡ ಕಟ್ಟಿಕೊಂಡು, ಹಾಡು ಹಾಕಿಕೊಂಡು ರಸ್ತೆ ತುಂಬ ಮೆರೆಯುತ್ತಿದ್ದವು. ಹಾರ್ನು ಹೊಡೆದಷ್ಟೂ ಅವರು ಕೈಬೀಸಿ ನಗುತ್ತಿದ್ದರು, ಇವರೂ ಹಬ್ಬಕ್ಕೇ ಹೊರಟವರೆಂದುಕೊಂಡು. ಸುನಂದಾ ಕ್ಷಣಕ್ಕೊಮ್ಮೆ ಸೂರ್ಯನನ್ನು ನೋಡುತ್ತಿದ್ದಳು. ಸೂರ್ಯ ಗುಡ್ಡದ ಹಿಂದೆ ಇಳಿದ. ಊರು ಹತ್ತಿರ ಬಂತು. ಬೀದಿದೀಪಗಳು ಒಂದೊಂದಾಗಿ ಹತ್ತಿಕೊಂಡವು.

ಮೌನೇಶ ಕಿಟಕಿಯಿಂದ ಹೊರಗೆ ನೋಡುತ್ತಿದ್ದವನು ಮೆಲ್ಲಗೆ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದ. ತೆಗೆದ. ಬಲಗಣ್ಣನ್ನು ಮುಚ್ಚಿದ. ಅವನ ಕೈ ಅಲ್ಲೇ ಉಳಿಯಿತು.

"ಏನು?" ಎಂದಳು ಅವಳು. ಕೇಳಬಾರದಿತ್ತು, ಕೇಳದೆ ಇರಲಾಗಲಿಲ್ಲ.

"ಲೈಟಿಗೆಲ್ಲ ಬಳಿ ತೊಡಿಸ್ಯಾರ," ಎಂದ ಅವನು. ತಮಾಷೆಯ ದನಿಯಲ್ಲಿ ಹೇಳಲು ಹೋಗಿ, ಹೇಳಲಾಗದೆ ಸೋತ. "ಎಡಗಣ್ಣಿಗೆ ಅಷ್ಟ ಅಕ್ಕ. ಬಲಗಡೆ ಇನ್ನೂ ಇಲ್ಲ. ಇನ್ನೂ ಇಲ್ಲ."

ವಾಲ್ವಿನ ಚಕ್ರಕ್ಕೆ ಭುಜ ಕೊಡುವಾಗ ಅವನು ಎಡಕ್ಕೆ ವಾಲಿದ್ದ. ಅವಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಾಹೇಬರೇ, ಬೇಗ, ಎಂದು ಹೇಳುವ ಅಗತ್ಯ ಇರಲಿಲ್ಲ. ಫಕ್ರುದ್ದೀನ್ ಆಗಲೇ ಎದುರಿನ ಸಾಲಿಗೆ ನುಗ್ಗಿ, ಬೈಗುಳ ತಿನ್ನುತ್ತ, ಆಸ್ಪತ್ರೆಯ ಗೇಟಿನೊಳಗೆ ಜೀಪು ತೂರಿಸುತ್ತಿದ್ದರು.

ಡಾಕ್ಟರು ಬಾಗಿಲಲ್ಲೇ ಕಾಯುತ್ತಿದ್ದರು. ಎಡಗಣ್ಣಿಗೆ ದೀಪ ಬಿಟ್ಟು ನೋಡಿ, ಅದನ್ನು ಅಲ್ಲಿಗೇ ಬಿಟ್ಟರು. ಬಲಗಣ್ಣನ್ನು ಅಗಲಿಸಿ ಹನಿ ಹಾಕಿದರು, ತೊಳೆದರು, ಮತ್ತೆ ಹನಿ ಹಾಕಿದರು. ನೋವು ಶುರುವಾದಾಗ ಮೌನೇಶ ಮಂಚದ ಸರಳು ಹಿಡಿದು ಕಿರುಚಿದ. ಹೊರಗೆ ಬೆಂಚಿನ ಮೇಲೆ ಕೂತ ಕಾಳಪ್ಪ ಕಿವಿ ಮುಚ್ಚಿಕೊಳ್ಳಲಿಲ್ಲ. ಪೂರ್ತಿ ಕೇಳಿಸಿಕೊಂಡ.

ಮರುದಿನ ದಶಮಿ. ಆಸ್ಪತ್ರೆಯ ಹೊರಗೆ ಜನ ಹೊಸ ಬಟ್ಟೆ ಉಟ್ಟು ಬನ್ನಿ ಹಂಚುತ್ತಿದ್ದರು. ಇನ್‌ಸ್ಪೆಕ್ಟರು ಬಂದು ಸುನಂದಾಳ ಹೇಳಿಕೆ ಬರೆದುಕೊಂಡು ಹೋಗಿದ್ದ. ವಿಚಾರಣೆ ಮುಗಿಯುವವರೆಗೆ ಕಾರ್ಖಾನೆಗೆ ಬರಬಾರದೆಂದು ಅವಳಿಗೆ ಆದೇಶವೂ ಆಗಿತ್ತು. ಅದು ಸರಿಯೇ ಅನ್ನಿಸಿತ್ತು ಅವಳಿಗೆ. ಡಾಕ್ಟರು ಕಣ್ಣಿನ ಪಟ್ಟಿ ಬಿಚ್ಚುವಾಗ ಅವಳು ಮಂಚದ ಬಲಗಡೆ ನಿಂತಿದ್ದಳು, ದಾಕ್ಷಾಯಣಿ ಎಡಗಡೆ.

ಮೌನೇಶ ರೆಪ್ಪೆ ತೆರೆದ. ಸ್ವಲ್ಪ ಹೊತ್ತು ಎಲ್ಲೆಲ್ಲೋ ಅಲೆದ ಅವನ ನೋಟ ಅಕ್ಕನ ಮುಖದ ಮೇಲೆ ನಿಂತಿತು. "ರಾತ್ರೆಲ್ಲ ಅತ್ತೀಯೇನು? ಮಾರಿ ಕುಂಬಳಕಾಯಿ ಆಗೇತಿ."

ದಾಕ್ಷಾಯಣಿ ಗೊಳೋ ಎಂದು ಅತ್ತುಬಿಟ್ಟಳು. ಹೆಂಡತಿಯ ದನಿ ಕೇಳಿದವನು ಎಡಗಡೆಗೆ ತಿರುಗಿ, ಅವಳು ಕಾಣದೆ, ಮುಖವನ್ನು ಪೂರ್ತಿ ಹೊರಳಿಸಿದ. ಹಾಗೆ ಹೊರಳಿಸಬೇಕಾಯಿತೆಂಬುದು ಅವನಿಗೇ ತಿಳಿಯಿತು.

"ಎಡಗಣ್ಣು ಹೋತೇನ್ರಿ?" ಎಂದು ಡಾಕ್ಟರನ್ನು ಕೇಳಿದ.

ಡಾಕ್ಟರು ಸುನಂದಾಳ ಕಡೆ ನೋಡಿದರು. "ಹೋತು," ಎಂದಳು ಸುನಂದಾ. "ಬಲಗಣ್ಣು ಉಳೀತು."

ಅವನು ತಲೆಯಾಡಿಸಿದ. ಅಷ್ಟರಲ್ಲಿ ಕಾಳಪ್ಪ ಹಿಡಿ ತುಂಬ ಬನ್ನಿ ಎಲೆ ಹಿಡಿದು ಒಳಗೆ ಬಂದು, ಮಗನ ಅಂಗೈಯಲ್ಲಿ ಇಟ್ಟು, ಕಿಟಕಿಯ ಕಡೆ ಹೋಗಿ ನಿಂತ. ಮೌನೇಶ ಎದ್ದು ಕೂತ. ಹಬ್ಬದ ದಿನ ಚಿಕ್ಕವರು ದೊಡ್ಡವರಿಗೆ ಬನ್ನಿ ಕೊಟ್ಟು ಕಾಲು ಮುಟ್ಟಬೇಕು. ಅವನು ಒಂದು ಎಲೆ ಆರಿಸಿ ಅಕ್ಕನ ಕಡೆ ಚಾಚಿದ.

"ಬನ್ನಿ ತೊಗೊಂಡು ಬಂಗಾರದಂಗ ಇರೂಣು, ಅಕ್ಕ."

ಸುನಂದಾ ಅಂಗೈ ಒಡ್ಡಿದಳು. ಗಿಣಿಯ ಗರಿಯನ್ನು ಎಣಿಸುವಂತೆ ಕೆತ್ತುತ್ತಿದ್ದ ಆ ಬೆರಳುಗಳು, ಒಂಟಿಕಣ್ಣಿಗೆ ದೂರ ಅಂದಾಜಾಗದೆ, ಅವಳ ಕೈಗಿಂತ ಒಂದು ಗೇಣು ಈಚೆಗೇ, ಬರಿಯ ಗಾಳಿಯಲ್ಲಿ, ಎಲೆಯನ್ನು ಬಿಟ್ಟವು. ಎಲೆ ಬೀಳುವುದರೊಳಗೆ ಅವಳು ಕೈ ಮುಂದೆ ಮಾಡಿ ಹಿಡಿದುಕೊಂಡಳು. ಅವನಿಗೆ ಗೊತ್ತಾಗಲಿಲ್ಲ. ಅವಳು ಹೇಳಲೂ ಇಲ್ಲ.